ಸೊನ್ನೆಗೆರೆಯ ಮೇಲಿನ ಊರು

ಮೊನ್ನೆ ರಾತ್ರಿ ಊಟವಾದ ಮೇಲೆ ಮಗಳು ಭೂಪಟ ಹರಡಿಕೊಂಡು, “ಅಪ್ಪಾ, ಭೂಮಧ್ಯರೇಖೆಯ ಮೇಲೇ ಯಾರಾದರೂ ಮನೆ ಕಟ್ಟಿಕೊಂಡಿದ್ದಾರೆಯೇ?” ಎಂದಳು. ದಿನವೆಲ್ಲ ಕಡತಗಳಲ್ಲಿ ಹುದುಗಿರುವ ಗುಮಾಸ್ತನಿಗೆ ಇಂಥ ಪ್ರಶ್ನೆಯೆಂದರೆ ಹಬ್ಬ. ಹುಡುಕಿದೆವು. ಸಿಕ್ಕಿದ್ದು ಬ್ರೆಜಿಲಿನ ಮಕಾಪಾ. ಅಮೆಜಾನ್ ನದಿ ಕಡಲು ಸೇರುವೆಡೆಗೆ ಸಮೀಪ, ಎಡದಂಡೆಯ ಮೇಲೆ.

ಅಲ್ಲಿಯ ಕಾಲ್ಚೆಂಡಿನ ಮೈದಾನಕ್ಕೆ ‘ಜೆರಾವೊ’ ಎಂದು ಅಡ್ಡಹೆಸರು. ಎಂದರೆ ದೊಡ್ಡ ಸೊನ್ನೆ. ನಡುಗೆರೆಯೇ ಭೂಮಧ್ಯರೇಖೆಯಂತೆ! ಒಂದು ತಂಡ ಉತ್ತರಾರ್ಧಗೋಳದಲ್ಲಿ, ಇನ್ನೊಂದು ದಕ್ಷಿಣದಲ್ಲಿ. ಮಗಳಿಗೆ ನಗುವೋ ನಗು.

ನನ್ನ ಮನಸ್ಸು ಸಿಕ್ಕಿಕೊಂಡದ್ದು ಬೇರೆ ಕಡೆ. ಮಕಾಪಾ ಅಮಪಾ ರಾಜ್ಯದ ರಾಜಧಾನಿ. ನಾಲ್ಕು ಲಕ್ಷಕ್ಕೂ ಮೀರಿದ ಜನ. ಆದರೂ ದೇಶದ ಉಳಿದ ರಾಜಧಾನಿಗಳಿಗೆ ಅಲ್ಲಿಂದ ರಸ್ತೆಯಿಲ್ಲ. ಬೆಲೆಂ ನಗರಕ್ಕೆ ಹೋಗಬೇಕಾದರೂ ವಿಮಾನ, ಇಲ್ಲವೆ ದೋಣಿಯಲ್ಲಿ ಜೋಲಿ ಕಟ್ಟಿಕೊಂಡು ಸುಮಾರು ಒಂದು ಹಗಲು, ಒಂದು ರಾತ್ರಿ. ಹಬ್ಬಕ್ಕೆ ಊರಿಗೆ ಹೊರಟಾಗ ರೈಲಿನಲ್ಲಿ ಜಾಗವಿಲ್ಲವೆಂದು ಗೊಣಗುವ ನನಗೆ ಸ್ವಲ್ಪ ನಾಚಿಕೆಯಾಯಿತು.

1764ರಿಂದ 1782ರವರೆಗೆ ಪೋರ್ಚುಗೀಸರು ಗುಲಾಮರಿಂದ ದುಡಿಸಿ ಕಟ್ಟಿಸಿದ ಕೋಟೆಯೊಂದು ನದಿಗೆ ಮುಖಮಾಡಿ ನಿಂತಿದೆ. ಅದು ಯುದ್ಧವನ್ನೇ ಕಾಣಲಿಲ್ಲ. ಸಂಕಟ ಬಂದದ್ದು 2020ರ ನವೆಂಬರಿನಲ್ಲಿ, ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು. ಮೊದಲು ಪೂರ್ತಿ ಕತ್ತಲೆ, ಆಮೇಲೆ ಸರದಿಯ ವಿದ್ಯುತ್ತು. ಎಲ್ಲ ಸರಿಹೋಗಲು ಮೂರು ವಾರ ಬೇಕಾಯಿತು. ಪಂಪು ನಿಂತು ನಲ್ಲಿಗಳು ಒಣಗಿದವು. ಎದುರಿಗೋ, ಜಗತ್ತಿನಲ್ಲೇ ಅತಿ ಹೆಚ್ಚು ನೀರು ಹೊರುವ ನದಿ!

“ಕೊಡ ಹಿಡಿದುಕೊಂಡು ಹೊಳೆಗೇ ಹೋಗಬಹುದಿತ್ತಲ್ಲ?” ಎಂದಳು ಮಗಳು.

“ನಮ್ಮ ಪುಣೆಯ ಮುಠಾ ನದಿಯಿಂದ ನೀನು ಕುಡಿಯುತ್ತೀಯೇನಮ್ಮ?” ಎಂದೆ. ಉತ್ತರವಿಲ್ಲ. ತಿರುಗಿ ನೋಡಿದರೆ, ಬ್ರೆಜಿಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಳು.