ಲೋಟಕ್ಕೊಂದು ನೆಲೆ

ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟುದು 1969ರಲ್ಲಿ. ಕಾರಿನಲ್ಲಿ ಕುಳಿತವನಿಗೂ ಬಾಯಾರಿಕೆಯಾಗುತ್ತದೆ, ಅವನ ಲೋಟಕ್ಕೂ ಒಂದು ನೆಲೆ ಬೇಕು ಎಂಬ ಸಾಮಾನ್ಯ ಸಂಗತಿ ಕಾರು ಮಾಡುವವರ ಮನಸ್ಸಿಗೆ ಚೆನ್ನಾಗಿ ನಾಟಬೇಕಾದರೆ ಅದಾದ ಮೇಲೆ ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು. 1983ರ ಕೊನೆಯಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯವರು ಹೊರತಂದ ಮಿನಿವ್ಯಾನ್ ಎಂಬ ವಾಹನದಲ್ಲಿ ಲೋಟ ಇಡುವುದಕ್ಕೆಂದೇ ಕುಳಿಗಳಿದ್ದವು. ಅದಕ್ಕೂ ಮುಂಚೆ ಆ ದೇಶದ ಕೆಲವು ಕಾರುಗಳಲ್ಲಿ ಮುಂದಿನ ಖಾನೆಯ ಮುಚ್ಚಳವನ್ನು ಕೆಳಕ್ಕೆ ತೆರೆದರೆ ಅದರ ಒಳಮೈಯಲ್ಲಿ ದುಂಡಗಿನ ತಗ್ಗುಗಳು ಕಾಣುತ್ತಿದ್ದುದುಂಟು. ಆದರೆ ಅವು ಕಾರು ನಿಂತಿರುವಾಗ ಮಾತ್ರ ಉಪಯೋಗಕ್ಕೆ ಬರುವಂಥವು. ಗಾಡಿ ಹೊರಟಿತೆಂದರೆ ಲೋಟ ಮಡಿಲಿಗೇ ಬೀಳಬೇಕು. ಸೋಜಿಗವೇನೆಂದರೆ, ಆ ಕಾಲದ ಕಾರುಗಳಲ್ಲಿ ಸಿಗರೇಟಿನ ಬೂದಿಗೆ ಸಾಮಾನ್ಯವಾಗಿ ಒಂದು ಡಬ್ಬಿ ಇದ್ದೇ ಇರುತ್ತಿತ್ತು. ಬೂದಿಗೆ ದೊರೆತ ಮರ್ಯಾದೆ ನೀರಿಗೆ ದೊರೆಯಲಿಲ್ಲ.

ನಮ್ಮ ಮನೆಯಲ್ಲಿರುವುದು 1982ರ ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚನ್ನು ತಂದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು 1950ರ ದಶಕದಿಂದ 2014ರವರೆಗೆ ತಯಾರಿಸಿದ ಗಾಡಿ ಇದು. ಇದರ ದುಂಡು ಮೈಯನ್ನು ವಿದ್ಯಾರ್ಥಿಗಳು ಹಳೆಯ ಚಲನಚಿತ್ರಗಳಲ್ಲಿಯಾದರೂ ನೋಡಿರಬೇಕು. ಹಳೆಯ ಅಂಬಾಸಿಡರಿನ ಒಳಗೆ ಇಣುಕಿದರೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದಾಗಿ, ಮುಂದಿನ ಸೀಟು ಬೇರೆ ಬೇರೆಯಾಗಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಸಿದ ಬೆಂಚು ಅದು. ಗೇರಿನ ಹಿಡಿ ನೆಲದ ಮೇಲಿಲ್ಲ, ಸ್ಟಿಯರಿಂಗಿನ ಪಕ್ಕದಲ್ಲಿದೆ. ಎರಡನೆಯದಾಗಿ, ನೆಲದ ನಟ್ಟನಡುವೆ ಎತ್ತಿನ ಬೆನ್ನಿನಂಥ ಒಂದು ದಿಂಡು ಉದ್ದಕ್ಕೂ ಹರಿದಿದೆ. ಎಂಜಿನ್ನು ಇರುವುದು ಮುಂದೆ, ಅದು ತಿರುಗಿಸಬೇಕಾದುದು ಹಿಂದಿನ ಚಕ್ರಗಳನ್ನು. ಆ ಶಕ್ತಿಯನ್ನು ಹೊತ್ತೊಯ್ಯುವ ಉದ್ದನೆಯ ಉಕ್ಕಿನ ದಂಡಕ್ಕೆ ದಾರಿ ಬಿಡುವುದಕ್ಕಾಗಿ ನೆಲವನ್ನು ಹಾಗೆ ಉಬ್ಬಿಸಿದ್ದಾರೆ. ಈ ದಿಂಡು ನನ್ನ ಕಥೆಯಲ್ಲಿ ಮುಂದೆ ಬರುತ್ತದೆ.

ಕಾರನ್ನು ಕೊಂಡವರು ನಮ್ಮ ತಂದೆಯವರು. ಅವರು ಪಶುವೈದ್ಯರು. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆಗಳಲ್ಲಿಯೂ ಅವರು ಕೆಲಸ ಮಾಡಿದ್ದಾರೆ. ಇಂದು ಇವೆಲ್ಲ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1997ರಲ್ಲಿ ಜಿಲ್ಲೆ ಹುಟ್ಟುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು 2018ರಲ್ಲಿ. ಜಿಲ್ಲೆ ಒಂದಾದರೂ ನೀರಿನ ವಿಷಯದಲ್ಲಿ ಈ ಊರುಗಳು ಒಂದಲ್ಲ. ಚನ್ನಗಿರಿಯ ಸುತ್ತ ಅಡಿಕೆ ತೋಟಗಳ ತಂಪು. ಹೊನ್ನಾಳಿಯ ಮಗ್ಗುಲಲ್ಲಿಯೇ ತುಂಗಭದ್ರೆ. ಅಲ್ಲಿಂದ ಹೊರಟು ಜಗಳೂರಿನ ಕಡೆಗೆ ಹೋದಂತೆ ಹಸಿರು ತೆಳುವಾಗುತ್ತಾ, ಕಡೆಗೆ ಕಲ್ಲುಗುಡ್ಡ ಮತ್ತು ಕುರುಚಲು ಕಾಡು ಉಳಿಯುತ್ತವೆ. ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಪುಟ್ಟ ಜಿಂಕೆಗಾಗಿ ಹೆಸರಾದ ರಂಗಯ್ಯನದುರ್ಗದ ಅಭಯಾರಣ್ಯ ಇರುವುದು ಆ ತಾಲ್ಲೂಕಿನಲ್ಲಿಯೇ. ಬೆಳಗ್ಗೆ ಚನ್ನಗಿರಿಯಲ್ಲಿ ನೀರು ಬೇಡವೆಂದವನು ಮಧ್ಯಾಹ್ನ ಜಗಳೂರಿನ ದಾರಿಯಲ್ಲಿ ಅದನ್ನೇ ಹುಡುಕುತ್ತಾನೆ.

ತಂದೆಯವರ ಕೈಗಳ ವಿಷಯವನ್ನು ಇಲ್ಲಿ ಹೇಳಬೇಕು. ಅಡ್ಡಲಾಗಿ ನಿಂತ ಕರುವನ್ನು ತಾಯಿಯ ಹೊಟ್ಟೆಯಲ್ಲಿಯೇ ಮೆಲ್ಲನೆ ತಿರುಗಿಸಿ ಹೊರತೆಗೆದ ಕೈಗಳು ಅವು. ಲಾಟೀನಿನ ಬೆಳಕಿನಲ್ಲಿ ಎಮ್ಮೆಯ ಹರಿದ ಕೆಚ್ಚಲಿಗೆ ಹೊಲಿಗೆ ಹಾಕಿದ ಕೈಗಳು. ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ ಆ ಬಲಗೈ ತನ್ನಷ್ಟಕ್ಕೆ ತಾನೇ ನಡುಗತೊಡಗಿತು. ಆಮೇಲೆ ಎಡಗೈಯೂ ಜೊತೆಗೂಡಿತು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ, ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುವ ಕಾಯಿಲೆ ಅದು. ಗುಳಿಗೆಗಳಿಂದ ನಡುಕ ಹತೋಟಿಗೆ ಬರುತ್ತದೆ. ಆದರೆ ಅವನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಹೊತ್ತು ತಪ್ಪಿದರೆ ಕೈ ಮಾತು ಕೇಳುವುದಿಲ್ಲ.

ಕಾರು ನಡೆಸುವುದನ್ನು ಅವರು ತಾವಾಗಿಯೇ ಬಿಟ್ಟು, ಬೀಗದ ಕೈಯನ್ನು ನನಗೆ ಕೊಟ್ಟರು. ಬೆಂಚಿನ ಎಡತುದಿಗೆ ಕುಳಿತು ದಾರಿ ನೋಡುವುದು ಅವರ ಪಾಲಿಗೆ ಉಳಿಯಿತು. ಹೀಗೆ ತಿರುಗುವಾಗ ಒಂದು ವಿಚಿತ್ರವನ್ನು ಗಮನಿಸಿದೆ. ಮನೆಯಲ್ಲಿ ಗಂಟೆಗೊಮ್ಮೆ ನೀರು ಕೇಳುವವರು ಕಾರಿನಲ್ಲಿ ಒಂದು ತೊಟ್ಟನ್ನೂ ಮುಟ್ಟುತ್ತಿರಲಿಲ್ಲ. ಹೊನ್ನಾಳಿಯಲ್ಲಿರುವ ಅಕ್ಕನ ಮನೆಗೆ ಹೊರಟಾಗಲೂ ಅಷ್ಟೆ, ಜಗಳೂರಿಗೆ ಹೋಗುವಾಗಲೂ ಅಷ್ಟೆ. “ಅಪ್ಪಾಜಿ, ನೀರು ಕುಡಿಯುತ್ತೀರಾ?” ಎಂದರೆ, “ಬಾಯಾರಿಕೆ ಇಲ್ಲಪ್ಪ, ನೀನು ಮುಂದೆ ನೋಡಿ ನಡೆಸು” ಎಂಬುದೇ ಉತ್ತರ. ಹನ್ನೊಂದು ಗಂಟೆಯ ಗುಳಿಗೆ ಹನ್ನೆರಡೂವರೆಗೆ ಹೋಗುತ್ತಿತ್ತು. ಊರು ತಲಪಿ ಇಳಿಯುವ ವೇಳೆಗೆ ಅವರ ನಡುಕ ಹೆಚ್ಚಾಗಿ, ಕಾರಿನ ಬಾಗಿಲ ಹಿಡಿಯನ್ನು ಹಿಡಿಯುವುದೂ ಪ್ರಯಾಸವಾಗುತ್ತಿತ್ತು.

ಕಾರಣವನ್ನು ಹೇಳಿದವರು ನನ್ನ ತಾಯಿಯವರು. “ಅವರಿಗೆ ಕುಡಿಯೋದು ಕಷ್ಟ ಅಲ್ಲ. ಒಂದು ಗುಟುಕು ಕುಡಿದ ಮೇಲೆ ಲೋಟ ಎಲ್ಲಿ ಇಡಬೇಕು ಹೇಳು?” ಎಂದರು. ಎಷ್ಟು ನಿಜ! ಗಟ್ಟಿ ಕೈಯುಳ್ಳವನು ಅರ್ಧ ಲೋಟವನ್ನು ಎಷ್ಟು ಹೊತ್ತಾದರೂ ಹಿಡಿದುಕೊಂಡಿರಬಲ್ಲ. ನಡುಗುವ ಕೈಗೆ ಎರಡು ನಿಮಿಷವೇ ದೊಡ್ಡ ಹೊತ್ತು. ಪಕ್ಕದವರ ಬಟ್ಟೆ, ಸೀಟು, ತನ್ನ ಪಂಚೆ ಎಲ್ಲದರ ಮೇಲೂ ಕಣ್ಣಿಟ್ಟುಕೊಂಡು ನೀರು ಕುಡಿಯಬೇಕು. ಅದಕ್ಕಿಂತ ಬಾಯಾರಿಕೆಯೇ ವಾಸಿಯೆಂದು ಅವರು ತೀರ್ಮಾನಿಸಿದ್ದರು. ಶೀಶೆಯಿಂದ ಕುಡಿಯಬಾರದೇ ಎಂದು ನೀವು ಕೇಳಬಹುದು. ಅದನ್ನು ಎತ್ತಿ ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸುವುದು ಅವರಿಗೆ ಇನ್ನೂ ಕಷ್ಟ. ಮೇಲಾಗಿ ಸೀಟಿನ ಮೇಲೆ ಮಲಗಿಸಿದ ಶೀಶೆ ಒಮ್ಮೆ ಸೂಳೆಕೆರೆಯ ಏರಿಯ ಬಳಿ ತಿರುವಿನಲ್ಲಿ ಉರುಳಿ ನನ್ನ ಕಾಲ ಬಳಿಗೆ ಬಂದಿತ್ತು. ಬ್ರೇಕಿನ ಕೆಳಗೆ ಸಿಕ್ಕಿಕೊಂಡ ಶೀಶೆ ಎಂಥ ಅನಾಹುತ ಮಾಡಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ.

ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಲೋಟದ ಹಿಡಿಗಳು ಬೇಕಾದಷ್ಟು ಸಿಗುತ್ತವೆ. ಅವು ಹೊಸ ಕಾರುಗಳಲ್ಲಿ ತಂಗಾಳಿ ಬೀಸುವ ಕಿಂಡಿಯ ಪಟ್ಟಿಗಳಿಗೆ ತಗುಲಿಸುವಂಥವು. ನಮ್ಮ ಕಾರಿನಲ್ಲಿ ಅಂಥ ಕಿಂಡಿಯೇ ಇಲ್ಲ. ಗಾಳಿ ಬೇಕಾದರೆ ಗಾಜು ಇಳಿಸಬೇಕು.

ನಾನು ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದೆ. ಆತ ಒಂದು ಕಬ್ಬಿಣದ ಬಳೆ ಮಾಡಿ, ಮುಂದಿನ ತಗಡಿಗೆ ಎರಡು ತೂತು ಕೊರೆದು, ಬೋಲ್ಟು ಬಿಗಿದುಬಿಡೋಣವೆಂದ. ಹತ್ತು ನಿಮಿಷದ ಕೆಲಸ. ತಂದೆಯವರು ಕೇಳಿ ಸಿಡುಕಿದರು: “ಗಾಡಿಗೆ ಒಂದು ತೂತೂ ಬೀಳಬಾರದು!” ನಲವತ್ತು ವರ್ಷ ದಾಟಿದ ತಗಡಿನಲ್ಲಿ ಹೊಸ ತೂತು ಮಾಡಿದರೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆಂಬುದು ಅವರ ವಾದ. ವಾದ ಸರಿಯಾದುದೇ, ಆದರೆ ಆ ಗಾಡಿಯ ಮೇಲಿನ ಅಕ್ಕರೆಯೂ ಅದರಲ್ಲಿ ಕೂಡಿತ್ತೆಂದು ನನ್ನ ಊಹೆ.

ಮುಂದಿನ ತಗಡಿನ ಮೇಲೆ ಬೇಡವೆಂದಾದ ಮೇಲೆ ಉಳಿದುದು ನೆಲದ ಮೇಲಿನ ದಿಂಡು. ನಮ್ಮ ಬೀದಿಯ ಆಚಾರ್ರು ಬಂದು ಅದನ್ನು ತಟ್ಟಿ ನೋಡಿ, “ಇದರ ಮೇಲೆ ಮರದ ಪೆಟ್ಟಿಗೆ ಕೂರಿಸಬಹುದು ಡಾಕ್ಟ್ರೆ, ಆದರೆ ಮೊಳೆ ಹೊಡೆಯದೆ ಹೇಗೆ ನಿಲ್ಲುತ್ತೆ?” ಎಂದರು. ತಂದೆಯವರು ಸ್ವಲ್ಪ ಹೊತ್ತು ದಿಂಡನ್ನೇ ನೋಡುತ್ತಿದ್ದು, “ಆಚಾರ್ರೆ, ಹೇರೆತ್ತು ನೋಡಿದ್ದೀರಲ್ಲ, ಅದರ ಬೆನ್ನಿಗೆ ಯಾರಾದರೂ ಮೊಳೆ ಹೊಡೆಯುತ್ತಾರೆಯೇ?” ಎಂದು ಕೇಳಿದರು. ಲಾರಿಗಳಿಲ್ಲದ ಕಾಲದಲ್ಲಿ ಘಟ್ಟ ಹತ್ತಿ ಇಳಿಯುತ್ತಿದ್ದ ಎತ್ತುಗಳ ಬೆನ್ನಿನ ಎರಡು ಮಗ್ಗುಲಿಗೂ ಸಮಭಾರದ ಚೀಲಗಳು ಜೋತಾಡುತ್ತಿದ್ದವು. ಆ ಭಾರವೇ ಹೇರನ್ನು ಹಿಡಿದು ನಿಲ್ಲಿಸುತ್ತಿತ್ತು. ಮೇಸ್ತ್ರಿಗೆ ತೋಚದಿದ್ದುದು ದನದ ಡಾಕ್ಟರಿಗೆ ತೋಚಿತು.

ಪೆಟ್ಟಿಗೆಯ ತಳ ದಿಂಡಿನ ಉಬ್ಬಿಗೆ ಸರಿಯಾಗಿ ಕೂರಬೇಕಷ್ಟೆ. ಆ ಉಬ್ಬಿನ ಅಳತೆಯನ್ನು ತೆಗೆದ ಉಪಾಯ ಚನ್ನಗಿರಿಯದೇ. ಅಡಿಕೆಯ ಹಾಳೆಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ತೊಗಲಿನಂತೆ ಮೆತ್ತಗಾಗುತ್ತದೆ. ಒಣಗಿದಾಗ ಯಾವ ಆಕಾರದಲ್ಲಿತ್ತೋ ಅದನ್ನೇ ಹಿಡಿದು ಗಟ್ಟಿಯಾಗುತ್ತದೆ. ಹಾಳೆಯ ತಟ್ಟೆಗಳನ್ನು ಅಚ್ಚೊತ್ತುವುದು ಇದೇ ಗುಣದಿಂದ. ನೆನೆದ ಹಾಳೆಯೊಂದನ್ನು ದಿಂಡಿನ ಮೇಲೆ ಹಾಸಿ, ಮೇಲೆ ಇಟ್ಟಿಗೆಗಳನ್ನು ಹೇರಿ, ಕಾರಿನ ಗಾಜುಗಳನ್ನು ಇಳಿಸಿಬಿಟ್ಟೆವು. ಎರಡು ದಿನಗಳ ಬಿಸಿಲಿಗೆ ಅದು ಒಣಗಿ ದಿಂಡಿನ ಪಡಿಯಚ್ಚಾಯಿತು. ಆಚಾರ್ರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಹಳೆಯ ಹಲಸಿನ ಮಂಚದ ಹಲಗೆಯನ್ನು ಅದಕ್ಕೆ ತಕ್ಕಂತೆ ಕೆತ್ತಿ ತಂದರು. ಪೆಟ್ಟಿಗೆಯ ಎತ್ತರ ಸೀಟಿನ ಮಟ್ಟಕ್ಕೆ, ಏಕೆಂದರೆ ತಂದೆಯವರು ಬಗ್ಗಬಾರದು. ಇಬ್ಬದಿಯಲ್ಲಿ ದಪ್ಪ ಕಾಕಿ ಬಟ್ಟೆಯ ಎರಡು ಚೀಲಗಳು, ಒಂದೊಂದರಲ್ಲಿ ಎರಡೂವರೆ ಕಿಲೋ ಹೊನ್ನಾಳಿಯ ಹೊಳೆಯ ಮರಳು. ಬಲಗಡೆಯ ಚೀಲ ನನ್ನ ಪಾದಕ್ಕೆ ತಗುಲದಂತೆ ಅದನ್ನು ಸಣ್ಣದಾಗಿ, ಸೀಟಿನ ಕಡೆಗೆ ಸರಿಸಿ ಹೊಲಿಸಿದೆವು. ಸಾಲದುದಕ್ಕೆ ಒಂದು ಪಟ್ಟಿಯಿಂದ ಪೆಟ್ಟಿಗೆಯನ್ನು ಸೀಟಿನ ಕೆಳಗಿನ ಚೌಕಟ್ಟಿಗೆ ಬಿಗಿದದ್ದಾಯಿತು.

ಲೋಟ ಕೂರುವ ಕುಳಿಯ ವಿಷಯದಲ್ಲಿ ಹೆಚ್ಚು ಚರ್ಚೆ ನಡೆಯಿತು. ನ್ಯೂಟನ್ನನ ಮೊದಲನೆಯ ನಿಯಮವನ್ನು ನೀವು ಓದಿದ್ದೀರಿ. ಗಾಡಿಗೆ ಬ್ರೇಕು ಬಿದ್ದರೂ ಲೋಟ ಮುಂದಕ್ಕೆ ಹೋಗಲೆಳಸುತ್ತದೆ; ಲೋಟ ನಿಂತರೂ ಅದರೊಳಗಿನ ನೀರು ಹೋಗಲೆಳಸುತ್ತದೆ. ಲೋಟವನ್ನು ತಡೆಯಲು ಕುಳಿ ಅದರ ಎತ್ತರದ ಅರ್ಧಕ್ಕಿಂತ ಹೆಚ್ಚು ಆಳವಾಗಿರಬೇಕು. ನೀರನ್ನು ತಡೆಯುವುದು ಹೇಗೆ? ನಡೆಯುವವನ ಕೈಯ ಕಾಫಿ ಏಕೆ ಚೆಲ್ಲುತ್ತದೆಂಬುದನ್ನು ಕ್ರೆಚೆಟ್ನಿಕೋವ್ ಮತ್ತು ಮಾಯರ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದಲ್ಲಿ ಅಭ್ಯಾಸ ಮಾಡಿ 2012ರಲ್ಲಿ ಪ್ರಕಟಿಸಿದರು. ನಮ್ಮ ಹೆಜ್ಜೆಯ ತಾಳವೂ ಬಟ್ಟಲಿನ ಕಾಫಿ ತೂಗಾಡುವ ತಾಳವೂ ಹೆಚ್ಚು ಕಡಿಮೆ ಹೊಂದಿಕೊಳ್ಳುವುದರಿಂದ ತೂಗಾಟ ಬೆಳೆಯುತ್ತಾ ಹೋಗುತ್ತದೆ. ನಮ್ಮೂರ ರಸ್ತೆಯ ಸಾಲು ಉಬ್ಬುಗಳೂ ಇದೇ ಕೆಲಸವನ್ನು ಮಾಡುತ್ತವೆ. ಅದಕ್ಕೆ ನಮ್ಮ ಉತ್ತರ ಸುಲಭವಾದುದು: ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ತಾಯಿಯವರು ಅಟ್ಟದಿಂದ ಹಳೆಯ ಕಂಚಿನ ಲೋಟವನ್ನು ಇಳಿಸಿಕೊಟ್ಟರು. ಭಾರವಾದ ಪಾತ್ರೆಯಿಂದ ನಡುಗುವ ಕೈಗೆ ಒಂದಿಷ್ಟು ಸ್ಥಿರತೆ ಬರುತ್ತದೆ. ನಮ್ಮ ಲೋಟಗಳು ತಳದಲ್ಲಿ ಕಿರಿದಾಗಿ, ಬಾಯಿಯಲ್ಲಿ ಅಗಲವಾಗಿ ಇರುವುದರಿಂದ ಕುಳಿಯನ್ನೂ ಹಾಗೆಯೇ ಇಳಿಜಾರಾಗಿ ಕೊರೆಯಲಾಯಿತು. ಕಣ್ಣು ಬೇರೆ ಕಡೆ ಇದ್ದರೂ ಲೋಟ ತಾನಾಗಿ ಜಾರಿ ಕೂರುತ್ತದೆ. ಒಳಗೆ ಸೈಕಲ್ ಟ್ಯೂಬಿನ ರಬ್ಬರಿನ ಪಟ್ಟಿ, ತಳದಲ್ಲಿ ಚೆಲ್ಲಿದ ನೀರು ಬಸಿದುಹೋಗಲು ಒಂದು ಸಣ್ಣ ರಂಧ್ರ. ಮರಕ್ಕೆ ರಂಧ್ರ ಕೊರೆಯಲು ತಂದೆಯವರ ಅಭ್ಯಂತರವಿರಲಿಲ್ಲ.

ಒಂದು ಕಟ್ಟುಪಾಡನ್ನು ಮಾತ್ರ ನಾನು ಹಾಕಿದೆ. ಚಲಿಸುವ ಕಾರಿನಲ್ಲಿ ನೀರು ಮಾತ್ರ. ಬಿಸಿ ಕಾಫಿಯಾಗಲಿ ಚಹವಾಗಲಿ ಗಾಡಿ ನಿಲ್ಲಿಸಿ, ಕೆಳಗಿಳಿದು ಕುಡಿಯತಕ್ಕದ್ದು. 1992ರಲ್ಲಿ ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಸ್ಟೆಲ್ಲಾ ಲೀಬೆಕ್ ಎಂಬ 79 ವರ್ಷದ ಮುದುಕಿ, ನಿಂತಿದ್ದ ಕಾರಿನಲ್ಲಿಯೇ, ಕಾಫಿಯ ಬಟ್ಟಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಮುಚ್ಚಳ ತೆಗೆಯಹೋದಳು. ಆ ಕಾರಿನಲ್ಲಿ ಬಟ್ಟಲಿಡಲು ಸ್ಥಳವಿರಲಿಲ್ಲ. ಕಾಫಿ ಮೈಮೇಲೆ ಚೆಲ್ಲಿ, ಚರ್ಮ ಆಳಕ್ಕೆ ಸುಟ್ಟು, ಎಂಟು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಅವಳ ಮೊಕದ್ದಮೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಬಹಳ ಮಂದಿ ಅದನ್ನು ಕೇಳಿ ನಕ್ಕರು. ಗಾಯದ ವಿವರವನ್ನು ಓದಿದ ಯಾರಿಗೂ ನಗು ಬರಲಾರದು.

ಸಂಕ್ರಾಂತಿ ಕಳೆದ ಮೇಲೆ ಜಗಳೂರಿಗೆ ಹೊರಟೆವು. ದಾವಣಗೆರೆಯನ್ನು ದಾಟಿದ ಮೇಲೆ ರಸ್ತೆಯ ಒಂದು ಮಗ್ಗುಲಿಗೆ ರೈತರು ಹುರುಳಿಯ ಗಿಡಗಳನ್ನು ಹರಡಿದ್ದರು. ಹೋಗಿಬರುವ ಗಾಡಿಗಳ ಚಕ್ರವೇ ಅವರಿಗೆ ರೋಣಗಲ್ಲು. ಅದರ ಮೇಲೆ ನಮ್ಮ ಕಾರು ಸರಸರನೆ ಹೋಗುತ್ತಿತ್ತು. ಗಡಿಯಾರ ಹನ್ನೊಂದು ತೋರಿಸಿತು. ನಾನು ಏನನ್ನೂ ಕೇಳಲಿಲ್ಲ. ತಂದೆಯವರು ಅಂಗಿಯ ಜೇಬಿನಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು, ಕಂಚಿನ ಲೋಟವನ್ನು ಎರಡು ಕೈಯಲ್ಲಿಯೂ ಎತ್ತಿ ಒಂದು ಗುಟುಕು ಕುಡಿದು, ಮರಳಿ ಕುಳಿಗೆ ಬಿಟ್ಟರು. ಲೋಟ ಟಕ್ಕೆಂದು ಕೂತಿತು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಗುಟುಕು. ಜಗಳೂರು ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ತಾಯಿಯವರು ಮೂರು ಸಲ ಲೋಟಕ್ಕೆ ನೀರು ಬಗ್ಗಿಸಿದ್ದರು. ಇಳಿಯುವಾಗ ಬಾಗಿಲನ್ನು ತಂದೆಯವರೇ ತೆರೆದರು.

ಆಚಾರ್ರಿಗೆ ಈಗ ಇನ್ನೊಂದು ಪೆಟ್ಟಿಗೆಯ ಕೆಲಸ ಬಂದಿದೆ. ನ್ಯಾಮತಿಯಲ್ಲಿ ಹಳೆಯ ಅಂಬಾಸಿಡರನ್ನು ಬಾಡಿಗೆಗೆ ಓಡಿಸುವವರೊಬ್ಬರು ನಮ್ಮ ಗಾಡಿಯೊಳಗೆ ಇಣುಕಿ ನೋಡಿ ತಮಗೂ ಒಂದು ಬೇಕೆಂದರು; ಆದರೆ ಅವರಿಗೆ ಎರಡು ಕುಳಿಗಳಾಗಬೇಕು. ಅವರ ಕಾರಿನ ನೆಲದ ಮೇಲೆ ದಪ್ಪ ರಬ್ಬರಿನ ಹಾಸು ಬೇರೆ ಇದೆ. ನಮ್ಮ ಅಚ್ಚು ಅದಕ್ಕೆ ಕೂರುವುದಿಲ್ಲವೆಂದು ತಂದೆಯವರು ನಿನ್ನೆ ಸಂಜೆ ತೋಟದಿಂದ ಅಗಲವಾದ ಹಾಳೆಯೊಂದನ್ನು ತರಿಸಿ, ಬಚ್ಚಲ ಹಂಡೆಯ ಪಕ್ಕದಲ್ಲಿ ತಾವೇ ನೆನೆಹಾಕಿದ್ದಾರೆ.