ಹೈಲೈಟ್ಸಿನಲ್ಲಿ ಕಾಣದವನು

ಯೂಟ್ಯೂಬಿನಲ್ಲಿ ಪಾವೊಲೊ ಮಾಲ್ಡಿನಿ ಅಂತ ಹುಡುಕಿದರೆ ಬೇಕಾದಷ್ಟು ವೀಡಿಯೋ ಸಿಗುತ್ತವೆ. ಐದು ನಿಮಿಷದ್ದು, ಹತ್ತು ನಿಮಿಷದ್ದು, ಹಿನ್ನೆಲೆಯಲ್ಲಿ ಢಮಢಮ ಸಂಗೀತ ಬೇರೆ. ಎಲ್ಲದರಲ್ಲೂ ಆತ ನೆಲದ ಮೇಲೆ ಜಾರಿಕೊಂಡು ಹೋಗಿ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ದೃಶ್ಯಗಳೇ. ನೋಡೋಕೆ ಚೆಂದ, ಇಲ್ಲ ಅನ್ನಲ್ಲ. ಆದರೆ ಇದು ಹೇಗಾಯಿತೆಂದರೆ, ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸು ಓಡಿಸುವ ಡ್ರೈವರ್ ಎಷ್ಟು ಒಳ್ಳೆಯವನು ಅಂತ ತೋರಿಸಲು ಅವನು ಸಡನ್ ಬ್ರೇಕ್ ಹಾಕಿದ್ದನ್ನಷ್ಟೇ ಕತ್ತರಿಸಿ ಅಂಟಿಸಿದ ಹಾಗೆ. ಒಳ್ಳೆ ಡ್ರೈವರ್ ಇರುವ ಬಸ್ಸಿನಲ್ಲಿ ನಮಗೆ ನಿದ್ದೆ ಬಂದಿರುತ್ತದಲ್ಲವೇ?

ಜಾರಿ ಚೆಂಡು ಕಸಿಯಬೇಕಾಗಿ ಬಂತೆಂದರೆ ಅದಕ್ಕೂ ಮೊದಲೇ ಏನೋ ತಪ್ಪಾಗಿದೆ ಎನ್ನುವ ಮಾತೊಂದು ಮಾಲ್ಡಿನಿಯ ಹೆಸರಿನಲ್ಲೇ ಪ್ರಚಾರದಲ್ಲಿದೆ. ಆತನ ಆಟ ನೋಡಿದರೆ ಒಪ್ಪಲೇಬೇಕು. ಹಾಗಾಗಿ ಈ ತುಣುಕುಗಳನ್ನೆಲ್ಲ ಬಿಟ್ಟು ಎರಡು ಪೂರ್ತಿ ಪಂದ್ಯ ಕೂತು ನೋಡಿದೆ. ಎರಡೂ 1994ರವು. ಎರಡೂ ಫೈನಲ್. ಎರಡರಲ್ಲೂ ಎದುರಿಗಿದ್ದವನು ಒಬ್ಬನೇ, ಬ್ರೆಜಿಲ್‌ನ ರೊಮಾರಿಯೊ.

ಮೊದಲು ಆತನ ಜಾತಕ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟಿದ್ದು 1968ರಲ್ಲಿ, ಮಿಲಾನ್ ಊರಿನಲ್ಲೇ. ಅಪ್ಪ ಚೆಸಾರೆ ಮಾಲ್ಡಿನಿ ಎ.ಸಿ. ಮಿಲಾನ್ ತಂಡದ ನಾಯಕನಾಗಿದ್ದವನು, 1963ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಯುರೋಪಿಯನ್ ಕಪ್ ಎತ್ತಿದವನು. ಮಗ 1985ರ ಜನವರಿ 20ರಂದು, ಹದಿನಾರನೇ ವಯಸ್ಸಿಗೆ, ಉದಿನೇಸೆ ವಿರುದ್ಧ ಅರ್ಧ ಆಟ ಮುಗಿದ ಮೇಲೆ ಬದಲಿ ಆಟಗಾರನಾಗಿ ಅದೇ ತಂಡಕ್ಕೆ ಇಳಿದ. ಆಮೇಲೆ 2009ರವರೆಗೆ ಬೇರೆ ಅಂಗಿ ಹಾಕಲೇ ಇಲ್ಲ. 25 ಸೀಸನ್, 902 ಪಂದ್ಯ, ಏಳು ಸಲ ಇಟಲಿಯ ಲೀಗ್, ಐದು ಸಲ ಯುರೋಪಿನ ಕಪ್. 2003ರಲ್ಲಿ ನಾಯಕನಾಗಿ ಕಪ್ ಎತ್ತಿದ್ದೂ ಇಂಗ್ಲೆಂಡಿನಲ್ಲೇ, ಮ್ಯಾಂಚೆಸ್ಟರಿನಲ್ಲಿ, ಅಪ್ಪ ಎತ್ತಿದ ಸರಿಯಾಗಿ ನಲವತ್ತು ವರ್ಷಕ್ಕೆ. ಇನ್ನೊಂದು ವಿಷಯ, ಆತ ಬಲಗಾಲಿನವನು. ವರ್ಷಾನುಗಟ್ಟಲೆ ಆಡಿದ್ದು ಎಡಬದಿಯಲ್ಲಿ!

ಈಗ ಪಂದ್ಯಕ್ಕೆ ಬರೋಣ. 1994ರ ಮೇ 18, ಅಥೆನ್ಸ್. ಯೋಹಾನ್ ಕ್ರೈಫ್ ತರಬೇತಿಯ ಬಾರ್ಸಿಲೋನಾ ಸತತ ನಾಲ್ಕನೇ ಸಲ ಸ್ಪೇನಿನ ಲೀಗ್ ಗೆದ್ದು ಬಂದಿತ್ತು. ಆ ಸೀಸನ್ನಿನ ಲೀಗಿನಲ್ಲಿ ರೊಮಾರಿಯೊ ಒಬ್ಬನೇ 30 ಗೋಲು ಹೊಡೆದಿದ್ದ. ಇತ್ತ ಮಿಲಾನ್ ತನ್ನ ಲೀಗ್ ಗೆದ್ದದ್ದು 34 ಪಂದ್ಯಗಳಲ್ಲಿ ಇಡೀ ತಂಡ ಸೇರಿ ಬರೀ 36 ಗೋಲು ಹೊಡೆದು. ಬಿಟ್ಟುಕೊಟ್ಟಿದ್ದು 15. ಲೆಕ್ಕ ನೋಡಿದರೇ ಗೊತ್ತಾಗುತ್ತೆ ಅಲ್ಲಿ ಅನ್ನ ಹುಟ್ಟುತ್ತಿದ್ದುದು ಎಲ್ಲಿ ಅಂತ. ಆದರೆ ಫೈನಲ್ಲಿಗೆ ನಾಯಕ ಬರೇಸಿಯೂ ಇಲ್ಲ, ಕೊಸ್ತಾಕೂರ್ತಾನೂ ಇಲ್ಲ, ಇಬ್ಬರಿಗೂ ನಿಷೇಧ. ಎಡಬದಿಯ ಮಾಲ್ಡಿನಿಯನ್ನು ನಡುವಿಗೆ ತಂದು ಫಿಲಿಪ್ಪೊ ಗಾಲ್ಲಿ ಪಕ್ಕ ನಿಲ್ಲಿಸಿದರು.

ಮಿಲಾನ್ 4-0 ಗೆದ್ದಿತು. ಹೈಲೈಟ್ಸಿನಲ್ಲಿ ಆ ನಾಲ್ಕು ಗೋಲುಗಳಿವೆ. ಪೂರ್ತಿ ಪಂದ್ಯ ನೋಡುವಾಗ ಮಾತ್ರ ನನಗೆ ರೊಮಾರಿಯೊ ಎಲ್ಲಿದ್ದಾನೆ ಅಂತ ಹುಡುಕುವುದೇ ಕೆಲಸವಾಯಿತು. ಯಾರೂ ಅವನನ್ನು ಕೆಡವುತ್ತಿಲ್ಲ, ಎಳೆಯುತ್ತಿಲ್ಲ. ಚೆಂಡು ಅವನ ಕಡೆ ಹೊರಡಬೇಕೆನ್ನುವಾಗ ಆ ದಾರಿಯಲ್ಲಿ ಆಗಲೇ ಒಬ್ಬ ನಿಂತಿರುತ್ತಾನೆ. ಪಾಸ್ ಕೊಡಬೇಕಾದವನು ಅದನ್ನು ನೋಡಿ ಬೇರೆ ಕಡೆ ಕೊಡುತ್ತಾನೆ. ಇದನ್ನು ಯಾವ ಕ್ಯಾಮೆರಾ ಕ್ಲೋಸಪ್ಪಿನಲ್ಲಿ ತೋರಿಸೋದು? ಆಗದೇ ಇದ್ದ ಪಾಸ್ ಅದು!

ಎರಡು ತಿಂಗಳು ಬಿಟ್ಟು, ಜುಲೈ 17ಕ್ಕೆ, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ವಿಶ್ವಕಪ್ ಫೈನಲ್. ಈ ಸಲ ಪಕ್ಕದಲ್ಲಿ ಬರೇಸಿ, ಮೊಣಕಾಲಿನ ಆಪರೇಷನ್ ಆಗಿ ತಿಂಗಳೂ ತುಂಬಿರದ ಬರೇಸಿ. ಉರಿಬಿಸಿಲಿನಲ್ಲಿ 120 ನಿಮಿಷ, 0-0. ಬೋರು ಹೊಡೆಸುವ ಫೈನಲ್ ಅಂತ ಎಲ್ಲರೂ ಬೈಯುತ್ತಾರೆ. ನನಗಂತೂ ಒಂಚೂರೂ ಬೋರಾಗಲಿಲ್ಲ. ಕೊನೆಗೆ ಪೆನಾಲ್ಟಿ ಶೂಟೌಟಿನಲ್ಲಿ ಇಟಲಿ ಸೋತಿತು. ಬಾಜ್ಜೊ ತಲೆ ತಗ್ಗಿಸಿ ನಿಂತ ಫೋಟೋ ಎಲ್ಲರಿಗೂ ಗೊತ್ತು. ರೊಮಾರಿಯೊ ತನ್ನ ಪೆನಾಲ್ಟಿ ಹೊಡೆದ, ಅದು ಕಂಬಕ್ಕೆ ತಾಗಿ ಒಳಗೆ ಹೋಯಿತು. ಎರಡು ಫೈನಲ್ ಸೇರಿ 210 ನಿಮಿಷದಲ್ಲಿ ಆಟದ ನಡುವೆ ಅವನಿಗೆ ಒಂದು ಗೋಲೂ ದಕ್ಕಿರಲಿಲ್ಲ.

ಆ ವರ್ಷದ ಫಿಫಾ ಶ್ರೇಷ್ಠ ಆಟಗಾರ? ರೊಮಾರಿಯೊ. ಯುರೋಪಿನ ಬ್ಯಾಲನ್ ಡಿ'ಓರ್? ಅಥೆನ್ಸಿನಲ್ಲಿ 4-0 ಸೋತ ತಂಡದ ಸ್ಟೊಯಿಚ್ಕೊವ್‌ಗೆ. ಎರಡನೆಯವನು ಬಾಜ್ಜೊ, ಮಾಲ್ಡಿನಿ ಮೂರನೆಯವನು. ಅವರೆಲ್ಲ ಯೋಗ್ಯರೇ, ತಕರಾರಿಲ್ಲ. ಆದರೂ ಹೊಟ್ಟೆ ಉರಿಯುತ್ತೆ ಕಣ್ರೀ :-)

ಡಿಫೆಂಡರ್ ಕ್ಯಾಮೆರಾಕ್ಕೆ ಸಿಗೋದು ಗೋಲು ಬಿದ್ದಾಗ. 2002ರ ವಿಶ್ವಕಪ್ಪಿನಲ್ಲಿ ದಕ್ಷಿಣ ಕೊರಿಯಾದ ಆನ್ ಜಂಗ್-ಹ್ವಾನ್ ಮೇಲೆ ಹಾರಿ ಹೆಡರ್ ಹೊಡೆದು ಇಟಲಿಯನ್ನು ಮನೆಗೆ ಕಳಿಸಿದನಲ್ಲ, ಆ ದೃಶ್ಯದಲ್ಲಿ ಅವನ ಪಕ್ಕ ಹಾರಿಯೂ ಎಟುಕದವನು ಮಾಲ್ಡಿನಿ. ದೇಶಕ್ಕೆ 126 ಪಂದ್ಯ ಆಡಿದವನ ಕಡೇ ಪಂದ್ಯ ಅದು. ನಮ್ಮ ಕಡೆ ಸರ್ವರ್ ನೋಡಿಕೊಳ್ಳುವವರ ಹೆಸರೂ ಸರ್ವರ್ ಮಲಗಿದ ದಿನವೇ ಗೊತ್ತಾಗೋದು. ನಾಲ್ಕು ವರ್ಷ ಬಿಟ್ಟು 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಿತು, ಆತನಿಲ್ಲದೆ.

ನನ್ನನ್ನು ಹೆಚ್ಚು ಕಾಡಿದ್ದು ಇದ್ಯಾವುದೂ ಅಲ್ಲ. 2009ರ ಮೇ 24. ಮಿಲಾನಿನ ಸ್ವಂತ ಮೈದಾನದಲ್ಲಿ ಆತನ ಕೊನೆಯ ಪಂದ್ಯ, ರೋಮಾ ವಿರುದ್ಧ. 3-2 ಸೋತರು, ಅದಿರಲಿ. ಪಂದ್ಯ ಮುಗಿದು ಎಲ್ಲರಿಗೂ ಕೈಬೀಸುತ್ತಾ ಮೈದಾನ ಸುತ್ತುತ್ತಿದ್ದಾಗ ಗೋಲಿನ ಹಿಂದೆ ಕೂರುವ ಕಟ್ಟಾ ಅಭಿಮಾನಿಗಳ ಗುಂಪಿನಿಂದ ಸೀಟಿ ಬಂತು. ನಮ್ಮಲ್ಲಿ ಅಣ್ಣಾವ್ರು ಪರದೆ ಮೇಲೆ ಬಂದರೆ ಸೀಟಿ ಹೊಡೆಯುತ್ತಾರೆ, ಇಟಲಿಯಲ್ಲಿ ಸೀಟಿ ಅಂದರೆ ಛೀಮಾರಿ. ಸಾಲದ್ದಕ್ಕೆ ಬರೇಸಿಯ 6ನೇ ನಂಬರಿನ ದೊಡ್ಡ ಅಂಗಿಯ ಚಿತ್ರ ಬಿಡಿಸಿ ಹಿಡಿದರು, ನಾಯಕ ಅಂದರೆ ಅವನೊಬ್ಬನೇ ಅಂತ. ಹಿಂದಿನ ವರ್ಷಗಳಲ್ಲಿ ಆ ಗುಂಪಿಗೂ ಆತನಿಗೂ ಮಾತಿಗೆ ಮಾತು ಬೆಳೆದಿತ್ತು. 2005ರ ಇಸ್ತಾಂಬುಲ್ ಫೈನಲ್ಲಿನಲ್ಲಿ ಲಿವರ್‌ಪೂಲ್ ವಿರುದ್ಧ 3-0 ಮುಂದಿದ್ದೂ ಸೋತು ಬಂದಮೇಲೆ ಹತ್ತಿದ ಕಿಚ್ಚು ಅದು. ಅವರಿಗೆ ಸಲಾಮು ಹೊಡೆಯುವ ಜಾಯಮಾನ ಆತನದಲ್ಲ. ತಾನು ಅವರಂಥವನಲ್ಲ ಅನ್ನುವುದೇ ತನಗೆ ಹೆಮ್ಮೆ ಅಂತ ಆಮೇಲೆ ಹೇಳಿದ. ಆ ವೀಡಿಯೋದಲ್ಲಿ ಆತನ ಮುಖ ನೋಡಿ. 25 ವರ್ಷ ಒಂದೇ ಮನೆಯ ಬಾಗಿಲು ಕಾದವನಿಗೆ ಮನೆಯವರಲ್ಲೇ ಕೆಲವರು ಹೊರಡುವಾಗ ಮುಖ ತಿರುಗಿಸಿದರೆ ಹೇಗಿರುತ್ತದೋ ಹಾಗಿದೆ.

ಒಂದು ವಾರದ ನಂತರ ಫ್ಲಾರೆನ್ಸಿನಲ್ಲಿ ನಿಜವಾದ ಕಡೇ ಪಂದ್ಯ. ಅಲ್ಲಿ ಎದುರಾಳಿ ತಂಡದ ಅಭಿಮಾನಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆತನ 3ನೇ ನಂಬರಿನ ಅಂಗಿಯನ್ನು ಮಿಲಾನ್ ಎತ್ತಿಟ್ಟಿತು, ಮಕ್ಕಳು ಯಾರಾದರೂ ತಂಡಕ್ಕೆ ಬಂದರೆ ಅವರಿಗೆ ಮಾತ್ರ ಅಂತ. ಮಗ ಡೇನಿಯಲ್ ಬಂದ. ಅಪ್ಪ ತಂಡದ ಟೆಕ್ನಿಕಲ್ ಡೈರೆಕ್ಟರ್ ಆಗಿದ್ದ ಕಾಲದಲ್ಲಿ, 2022ರಲ್ಲಿ, ಲೀಗ್ ಗೆದ್ದ ತಂಡದಲ್ಲಿ ಅವನೂ ಇದ್ದ. ಮುಂದಿನ ವರ್ಷವೇ ಕ್ಲಬ್ಬಿನವರು ಅಪ್ಪನನ್ನು ಆ ಕೆಲಸದಿಂದ ತೆಗೆದರು, ಅದು ಬೇರೆ ಕಥೆ. ಡೇನಿಯಲ್ ಮಾತ್ರ ಡಿಫೆಂಡರ್ ಅಲ್ಲ. ಮುಂದಿನ ಸಾಲಿನವನು, ಗೋಲು ಹೊಡೆಯುವ ಕೆಲಸದವನು. ಮಿಲಾನಿನಲ್ಲಿ ಅವನು ಹಾಕಿಕೊಂಡಿದ್ದು 27ನೇ ನಂಬರಿನ ಅಂಗಿ.