ಅಬ್ಬಾ ಮರೆತ ರಕಅತ್

ಸಹೋದರಿಯರೇ, ನಿಮ್ಮ ಮನೆಯಲ್ಲೂ ಬೈಪಾಸ್ ಆದ ಹಿರಿಯರಿರಬಹುದು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಮಂಚೇನಹಳ್ಳಿಗೆ ಮರಳಿದ ಅಬ್ಬಾ, ಝುಹರ್ ನಮಾಝ್ ಮುಗಿದೊಡನೆ "ಎಷ್ಟು ರಕಅತ್ ಆಯಿತು?" ಎಂದು ನನ್ನನ್ನೇ ಕೇಳುತ್ತಿದ್ದರು. ಮಕ್ಕಳು ನಕ್ಕರು. ಶಾಲೆಯಲ್ಲಿ ಒಂದೇ ಪಾಠವನ್ನು ಹತ್ತು ಸಲ ಹೇಳುವ ನಾನು ಮನೆಯಲ್ಲಿ ರೇಗಿದೆ.

ಆಮೇಲೆ ಓದಿ ತಿಳಿದೆ: ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೈಪಾಸ್ ಆಗಿ ಆಸ್ಪತ್ರೆ ಬಿಡುವಾಗ ಶೇ. 53 ಮಂದಿಯ ನೆನಪು, ಗಮನ ಕುಂದಿತ್ತು. ಆರು ತಿಂಗಳಲ್ಲಿ ಅದು ಶೇ. 24ಕ್ಕೆ ಇಳಿಯಿತು, ಐದು ವರ್ಷಕ್ಕೆ ಮತ್ತೆ ಶೇ. 42. ಆದರೆ ಆಪರೇಷನ್ ಆಗದ ಹೃದ್ರೋಗಿಗಳಲ್ಲೂ ವರ್ಷಗಳು ಕಳೆದಂತೆ ಇಂಥದೇ ಮರೆವು ಕಂಡಿದೆ. ಹಾಗಾಗಿ ಬೈಪಾಸ್‌ಗೆ ಹೆದರಬೇಕಿಲ್ಲ, ಬಿ.ಪಿ., ಸಕ್ಕರೆ ನೋಡಿಕೊಳ್ಳಬೇಕು, ಮರೆವನ್ನು ವೈದ್ಯರಿಗೆ ಹೇಳಬೇಕು.

ಈಗ ಹಿರಿಯ ಮೊಮ್ಮಗ ಇಮಾಮ್ ಆಗಿ ನಿಲ್ಲುತ್ತಾನೆ. ಅಬ್ಬಾಗೆ ಎಣಿಸುವ ಚಿಂತೆಯಿಲ್ಲ.